ಹೆಗಲಿಗೊಂದು ಕರಾರು

“ಹಲೋ... ಹಾಂ, ಯಾರು ಮಾತಾಡ್ತಿರೋದು?... ಜಿಮ್ಮಿನಿಂದಲಾ? ಯಾವ ಜಿಮ್ಮು?... ಹಾಂ ಹಾಂ, ಸಂತೆಕಟ್ಟೆ ಹಿಂದಿನದು. ಹೆಸರೇನಂದ್ರಿ?... ಸೆಲ್ವಿನ್. ಹೇಳಿ ಸೆಲ್ವಿನ್, ನಾನೇ ಎರ್ಮೆಲಿಂದಾ.”

ಎರ್ಮೆಲಿಂದಾ ಕಾವಲಿಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿ ಫೋನನ್ನು ಎಡಗಿವಿಗೆ ಬದಲಾಯಿಸಿದಳು. ಬಟ್ಟೆ ಒಗೆಯುವ ತೊಟ್ಟಿಯ ಬಳಿ ಜಾರಿ ಬಿದ್ದಂದಿನಿಂದ ಅವಳ ಬಲ ಹೆಗಲು ತುಂಬಿದ ಕೊಡವನ್ನೂ ಒಪ್ಪುತ್ತಿರಲಿಲ್ಲ.

“ಕರಾರಿಗೆ ಸಹಿ ಯಾಕೆ ಹಾಕಿಲ್ಲ ಅಂತಾನಾ?... ಓದ್ತಾ ಇದ್ದೆ, ಅದಕ್ಕೆ... ಪೂರ್ತಿ ಓದ್ದೆ. ಯಾಕೆ, ಓದಬಾರದಿತ್ತಾ?... ಯಾರೂ ಓದಲ್ವಾ? ಅದಕ್ಕೇ ಅಷ್ಟು ಸಣ್ಣ ಅಕ್ಷರ, ಅಲ್ವಾ?”

“ಮೊದಲು ಇದು ಹೇಳಿ. ನನಗೆ ವ್ಯಾಯಾಮ ಕಲಿಸೋದು ಆ ಹುಡುಗಿ ಬ್ರೆಂಡಾ ತಾನೇ?... ‘ಸಾಮಾನ್ಯವಾಗಿ’ ಅಂದ್ರೇನು?... ಕಾಗದದಲ್ಲಿ ಅವಳ ಹೆಸರೇ ಇಲ್ವಲ್ಲ. ‘ಸಂಸ್ಥೆ ನೇಮಿಸಿದವರು’ ಅಂತಿದೆ. ಗಂಡು ತೋರಿಸೋದು ಒಬ್ಬನ್ನ, ಚರ್ಚಿಗೆ ಕರ್ಕೊಂಡು ಬರೋದು ಅವನ ಅಣ್ಣನ್ನ!... ನಗ್ತೀರಾ? ನಗಿ.”

“ಅದಿರಲಿ. ಈ ಒಂಬತ್ತನೇ ಕಲಮು ನೋಡಿ. ‘ಕರಾರಿನ ಅವಧಿಯಲ್ಲಿ ಸದಸ್ಯರು ಜಿಮ್ಮಿನ ಹೊರಗೆ ಭಾರ ಹೊರತಕ್ಕದ್ದಲ್ಲ, ಹೊತ್ತಲ್ಲಿ ಯಾವ ಪೆಟ್ಟಿಗೂ ಸಂಸ್ಥೆ ಹೊಣೆಯಲ್ಲ.’ ಇದೇನು ತಮ್ಮಾ?... ಅಲ್ಲ, ನಾನು ಬರೋದು ಯಾತಕ್ಕೆ ಅಂತ ಬ್ರೆಂಡಾಗೆ ಹೇಳಿಲ್ವಾ? ಶುಭ ಶುಕ್ರವಾರ ವ್ಯಾಕುಲಮಾತೆಯ ಪಲ್ಲಕ್ಕಿಗೆ ಹೆಗಲು ಕೊಡೋಕೆ. ಎರಡು ವರ್ಷ ತಪ್ಪಿದೆ. ಈ ಸಲವೂ ತಪ್ಪಿದ್ರೆ ನನ್ನ ಜಾಗ ಬೇರೆಯವಳಿಗೆ.”

ಆಂಟಿಗುವಾ ಊರಿನಲ್ಲಿ ಪಲ್ಲಕ್ಕಿ ಓಲದಿರಲೆಂದು ಹೆಗಲಿನ ಎತ್ತರ ಅಳೆದೇ ಹೆಂಗಸರಿಗೆ ಜಾಗ ಕೊಡುತ್ತಿದ್ದರು. ತಾಯಿಯ ಎತ್ತರವೇ ಎರ್ಮೆಲಿಂದಾಳಿಗೂ ಬಂದಿತ್ತು. ಹಾಗಾಗಿ ತಾಯಿ ಹೆಗಲು ಕೊಟ್ಟ ಜಾಗವೂ. ಆಸ್ತಿಯೆಂದು ಬಂದದ್ದು ಅದೊಂದೇ.

“ಹೊರಬಹುದಾ, ಬಾರದಾ? ಅಷ್ಟೇ ಹೇಳಿ... ಸುಮ್ಮನೆ ಹೊತ್ಕೊಂಡು ಬನ್ನಿ, ಯಾರು ನೋಡ್ತಾರೆ ಅಂತೀರಾ?... ಇಡೀ ಊರು ನೋಡುತ್ತೆ ಕಣಯ್ಯಾ! ಹಿಂದೆ ವಾದ್ಯ, ಮುಂದೆ ಧೂಪ. ದೇವಮಾತೆಯನ್ನ ಕದ್ದು ಹೊರೋಕಾಗುತ್ತಾ?”

“ಹಾಗಾದ್ರೆ ಬರೆದುಕೊಡಿ. ‘ಪಲ್ಲಕ್ಕಿ ಹೊರಬಹುದು’ ಅಂತ ಒಂದು ಸಾಲು... ಆಗಲ್ವಾ? ಬಾಯಲ್ಲಿ ಆಗುತ್ತೆ, ಬರವಣಿಗೆಯಲ್ಲಿ ಆಗಲ್ಲ... ಎಲ್ರಿಗೂ ಇದೇ ಕಾಗದಾನಾ?... ಎಲ್ರಿಗೂ?”

ರೊಟ್ಟಿ ಸೀಯುವ ವಾಸನೆ ಬಂತು. ಅವಳು ಕಾವಲಿಯನ್ನು ಪಕ್ಕಕ್ಕೆ ಸರಿಸಿದಳು. ಅಷ್ಟು ಹೊತ್ತು ಮಂಜಿನಂತಿದ್ದ ಅನುಮಾನಕ್ಕೆ ಈಗ ಮುಖ ಮೂಡಿತ್ತು.

“ಇರಿ ಇರಿ. ಈ ಆಂಟಿಗುವಾದಲ್ಲಿ ಪಲ್ಲಕ್ಕಿ ಹೊರದ ಹೆಗಲು ಯಾವುದಿದೆ? ನಾಳೆ ನಿಮ್ಮ ಕಬ್ಬಿಣದ ಸರಳೇ ನನ್ನ ಮೇಲೆ ಬೀಳಲಿ, ‘ನೀವು ಪಲ್ಲಕ್ಕಿ ಹೊತ್ತಿದ್ರಿ’ ಅಂದುಬಿಟ್ರೆ ಮುಗೀತು. ಇದನ್ನ ಬರೆದ ವಕೀಲನಿಗೆ ನಮ್ಮೂರು ಚೆನ್ನಾಗಿ ಗೊತ್ತು... ಹಾಗೇನಿಲ್ವಾ? ಯಾರಿಗೂ ಹಾಗೆ ಹೇಳಿಲ್ವಾ?... ಏನಂದ್ರಿ? ಜೋರಾಗಿ ಹೇಳಿ, ಸೆಲ್ವಿನ್.”

“ನೀವೂ ಹೊರ್ತೀರಾ? ಯೇಸುವಿನ ಪಲ್ಲಕ್ಕಿನಾ?... ಯಾರ ಮಗ ನೀನು?... ಅಯ್ಯೋ, ಬ್ರೆಡ್ಡಿನಂಗಡಿ ಚಾಯೋನ ಮಗನಾ! ಮೊದಲೇ ಹೇಳಬಾರದಾ? ಇಷ್ಟು ಹೊತ್ತು ‘ನೀವು, ನೀವು’ ಅಂದು ನನ್ನ ಬಾಯಿ ನೋಯ್ತು.”

“ಏನಾಯ್ತು ಮಗನೇ?... ಬೆನ್ನಾ? ಜಿಮ್ಮಲ್ಲೇ, ತೂಕ ಎತ್ತಿಡುವಾಗ... ಹಾಂ... ಅಮ್ಮನಿಗೆ ಹೇಳಿದ್ಯಾ?... ಜಿಮ್ಮಿನ ಯಜಮಾನರಿಗೆ?... ಕೆಲಸಕ್ಕೆ ಸೇರುವಾಗ ನೀನೂ ಇದಕ್ಕೇ ಸಹಿ ಹಾಕಿದ್ದಾ?... ಓದದೇ.”

ಅವಳ ದನಿ ಮೆತ್ತಗಾಯಿತು. ಅನುಮಾನ ಮಾತ್ರ ಕದಲಲಿಲ್ಲ; ಈಗ ಅದಕ್ಕೆ ಇಬ್ಬರನ್ನು ಕಾಯುವ ಕೆಲಸ.

“ಕೇಳಿಲ್ಲಿ. ನಾನು ಸಹಿ ಹಾಕಲ್ಲ. ಬ್ರೆಂಡಾಗೆ ಬಿಡುವಿದ್ದಾಗ ನಮ್ಮ ಅಂಗಳಕ್ಕೇ ಬರ್ಲಿ. ಜೋಳದ ಮೂಟೆ ಎತ್ತಿಸಿಯೇ ಹೆಗಲು ಗಟ್ಟಿ ಮಾಡ್ಲಿ. ನೀನು ಇವತ್ತೇ ಡಾಕ್ಟರ ಹತ್ರ ಹೋಗು. ಪೆಟ್ಟು ಜಿಮ್ಮಲ್ಲೇ ಆಯ್ತು ಅಂತ ಹೇಳಿ ಬರೆಸ್ಕೋ... ಇಲ್ಲ, ಹಬ್ಬ ಆದ್ಮೇಲಲ್ಲ! ಪಲ್ಲಕ್ಕಿ ಹೊತ್ತಮೇಲೆ ಬಾಯಿ ಬಿಟ್ರೆ, ಅವರು ತಪ್ಪನ್ನ ಯೇಸುವಿನ ಮೇಲೇ ಹಾಕ್ತಾರೆ.”

“ಯಾರದು ಹಿಂದೆ?... ಯಜಮಾನರಾ?... ಸರಿ, ನೀನೇನೂ ಹೇಳ್ಬೇಡ. ಡಾಕ್ಟರ ಹತ್ರ ಹೋಗೋದಾದ್ರೆ ‘ಸರಿ’ ಅನ್ನು, ಸಾಕು... ಹಾಂ? ಆ ‘ಸರಿ’ ಅಂದದ್ದು ನನಗಾ, ಅವರಿಗಾ?... ಸೆಲ್ವಿನ್?... ನನಗಾ, ಅವರಿಗಾ?... ಹಲೋ?... ಹಲೋ—”