ತೂಕದ ಸೋಮವಾರ

ಹುಣಸೂರಿನ ಕಾಫಿ ಕಾರ್ಖಾನೆಯೊಂದರಲ್ಲಿ ಆಳುಗಳ ಆರೋಗ್ಯಕ್ಕೆಂದು ತಿಂಗಳಿಗೊಮ್ಮೆ ತೂಕ ನೋಡುವ ಏರ್ಪಾಡು ಮಾಡಿಸಿದವನು, ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ಬಂದ ಅಲ್ಲಿನ ಮೇಲ್ವಿಚಾರಕ ಶ್ರೀಕಂಠಯ್ಯ. ತೂಕ ಇಳಿದವರನ್ನು ಡಾಕ್ಟರು ಪರೀಕ್ಷಿಸುತ್ತಿದ್ದರು. ಕಾಯಿಲೆಯಿದ್ದರೆ ಗುಣವಾಗುವವರೆಗೆ ಮನೆಯಲ್ಲಿರಬೇಕು. ಆ ಸೋಮವಾರ ತಕ್ಕಡಿಯ ಪಕ್ಕದ ಕಿಟಕಿಯೊಳಗೆ ಕೂತಿದ್ದ ಅವನಿಗೆ, ಹೊರಗೆ ಸಾಲಿನಲ್ಲಿ ನಿಂತಿದ್ದ ಬೀಜ ಆರಿಸುವ ಹೆಂಗಸರಿಬ್ಬರ ಮಾತು ಕೇಳಿಸಿತು.

“ಸಂಜೆ ಜ್ವರ ನಿಂತದಾ, ಚಿಕ್ಕಬಸಮ್ಮ?”

“ಎಲ್ಲಿ ನಿಂತದೆ ಸಣ್ಣತಾಯಕ್ಕ. ಕೆಮ್ಮಿದ್ರೆ ರಕ್ತ ಬತ್ತದೆ.”

“ಡಾಕುಟ್ರಿಗೆ ಏಳಬಾರ್ದಾ?”

“ಏಳುದ್ರೆ ಮನೇಗೆ ಕಳುಸ್ತಾರೆ. ಮನೇಲಿ ಕುಂತೋರಿಗೆ ಕೂಲಿ ಯಾರು ಕೊಟ್ಟಾರು? ಅದ್ಕೇ ಮಡ್ಲಲ್ಲಿ ಎರಡು ಕಲ್ಲು ಕಟ್ಕೊಂಡಿವ್ನಿ.”

“ಕಲ್ಲಾ? ನಾನು ಬಸುರಿ ಅನ್ಕೊಂಡಿದ್ದೆ ಕಣವ್ವ.”

“ನಗಿಸ್ಬ್ಯಾಡ ಕಣಕ್ಕ, ಕೆಮ್ಮು ಬತ್ತದೆ.”

ಅಷ್ಟರಲ್ಲಿ ಚಿಕ್ಕಬಸಮ್ಮನ ಸರದಿ ಬಂತು. ಕಾಂಪೌಂಡರ್ ತಕ್ಕಡಿಯ ಮುಳ್ಳು ನೋಡಿದ.

“ಮೂರು ರಾತ್ಲು ಏರಿದ್ದೀಯ. ನಿಂಗೆ ಡಾಕ್ಟರು ಬೇಡ, ಒಳಕ್ಕೆ ನಡಿ.”

ಶ್ರೀಕಂಠಯ್ಯ ಬಾಯಿ ತೆರೆದ. ಕಲ್ಲಿನ ವಿಷಯ ಹೇಳಿದರೆ ಇವತ್ತೇ ಅವಳ ಕೂಲಿ ನಿಲ್ಲುತ್ತದೆ. ಸುಮ್ಮನಿದ್ದರೆ ಮಳೆಗಾಲದವರೆಗೂ ಅವಳು ಉಳಿಯುವುದು ಅನುಮಾನ. ಅಷ್ಟರೊಳಗೆ ಚಿಕ್ಕಬಸಮ್ಮ ತಕ್ಕಡಿಯಿಂದಿಳಿದು, “ಬಚಾವಾದೆ ಕಣಕ್ಕ,” ಎನ್ನುತ್ತ ಹೊಟ್ಟಿನ ಧೂಳು ತುಂಬಿದ ಕೋಣೆಯೊಳಗೆ ಹೋಗಿಬಿಟ್ಟಳು.