ಎತ್ತಿಗೆ ಬಿಡುವಾದ ದಿನದ ಕಾರಹುಣ್ಣಿಮೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ದಾದಾಸಾಹೇಬರೇ, ಗುರುಬಳಗದವರೇ, ನಾಳಿದ್ದು ಮಾಲ್ದೀವ್ಸ್‌ಗೆ ಗಣಿತ ಕಲಿಸಲು ಹೊರಟಿರುವ ನನ್ನ ಶಿಷ್ಯೆ ನೀಲಮಾ, ಹಿಂದಿನ ಸಾಲಿನಲ್ಲಿ ಮಾತಾಡುತ್ತಿರುವವರೂ ಸೇರಿದಂತೆ ಸಮಸ್ತ ಸಭಿಕರೇ,

ಅಧ್ಯಕ್ಷರು ನನ್ನನ್ನು ‘ಇಥಿಯೋಪಿಯಾದಲ್ಲಿ ಕಾರಹುಣ್ಣಿಮೆ ಆಚರಿಸಿದ ಮಾಸ್ತರರು’ ಎಂದು ಪರಿಚಯಿಸಿದರು. ಹದಿನೆಂಟು ವರ್ಷಗಳಿಂದ ಆ ಹೊಗಳಿಕೆಯನ್ನು ಸುಮ್ಮನೆ ಸ್ವೀಕರಿಸಿದ್ದೇನೆ. ಇಂದು ಸ್ವೀಕರಿಸುವುದಿಲ್ಲ. ಪರದೇಶಕ್ಕೆ ಹೊರಟ ಶಿಕ್ಷಕಿಗೆ ಅರ್ಧ ಪಾಠ ಹೇಳಿ ಕಳಿಸುವುದು ಧರ್ಮವೇ?

ನಾನು ಕಲಿಸುತ್ತಿದ್ದ ಶಾಲೆಯ ಪಕ್ಕದ ಹೊಲ ತೆಸ್ಫಾಯೆ ಎಂಬ ರೈತನದು. ಮಣ್ಣು ನಮ್ಮ ಕೃಷ್ಣಾ ದಂಡೆಯಂತೆ ಕಪ್ಪು. ಕಾರಹುಣ್ಣಿಮೆಯ ಬೆಳಿಗ್ಗೆ ಅವನು ಎತ್ತು ಹೂಡುತ್ತಿದ್ದ. ಆ ದಿನ ಎತ್ತಿನ ಕೊರಳಿಗೆ ನೊಗವೇ? ತಡೆಯಲಾಗದೆ ಓಡಿದೆ. ನನ್ನ ಅರೆಬರೆ ಅಮ್ಹಾರಿಕ್‌ನಲ್ಲಿ, ‘ಇಂದು ನಮ್ಮ ದೇವರ ದಿನ, ಹೂಡಬೇಡ’ ಎಂದೆ. ಅವನು ಒಮ್ಮೆ ಆಕಾಶ ನೋಡಿದ, ನೊಗ ಇಳಿಸಿದ. ಕೊಂಬುಗಳಿಗೆ ಬಣ್ಣ ಬಳಿದೆವು, ಮಕ್ಕಳು ಕುಣಿದರು, ಫೋಟೊ ಊರಿಗೆ ಬಂತು. ನಿಮಗೆ ಗೊತ್ತಿರುವುದು ಇಷ್ಟೇ.

ಮೂರನೆಯ ದಿನ ಅವನ ಕೊಟ್ಟಿಗೆಯಲ್ಲಿ ಒಂದೇ ಎತ್ತು ಇತ್ತು. ಇನ್ನೊಂದೆಲ್ಲಿ ಎಂದು ಕೇಳಿದೆ. ಅವನ ಉತ್ತರವನ್ನು ನಮ್ಮೂರು ಮಂಗಸೂಳಿಯ ಮಾತಿನಲ್ಲೇ ಹೇಳುತ್ತೇನೆ. ಗ್ರಂಥಭಾಷೆ ಅದಕ್ಕೆ ಒಪ್ಪುವುದಿಲ್ಲ.

“ಅದು ನಂದಲ್ರಿ ಮಾಸ್ತರ. ನಂದೊಂದು, ಬಾಜೂದವರದೊಂದು. ಎಂಟ್ ದಿನಾ ನನಗ, ಎಂಟ್ ದಿನಾ ಅವರಿಗೆ. ಮೊನ್ನೆ ನಂದು ಕಡೀ ದಿನಾ ಇತ್ತು.”

“ಅವತ್ತ ಹೇಳಬಾರದೇನೋ ತಮ್ಮಾ?”

“ದೇವರ ದಿನಾ ಅಂದ್ರಿ. ನಮ್ಮಲ್ಲೂ ಸಂತರ ದಿನಾ ಯಾರೂ ಹೂಡಂಗಿಲ್ಲ. ದೇವರ ಹೆಸರ ಹೇಳಿದವರ ಕೂಡ ವಾದಾ ಮಾಡೂದುಂಟೇನ್ರಿ?”

ಸಭಿಕರೇ, ಒಂಟಿ ಎತ್ತಿನ ಸಂಕಟ ನನಗೆ ತಿಳಿಯದ್ದೇ? ನಮ್ಮ ಮನೆಯಲ್ಲೂ ಇದ್ದದ್ದು ಒಂದೇ. ಅಪ್ಪ ಜೋಡಿ ಕೇಳಲು ಮತ್ತೊಬ್ಬರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ನಾನೋ, ಅಲ್ಲಿನ ಶಾಲೆಯ ಮಕ್ಕಳಿಗೆ ನಮ್ಮಲ್ಲಿ ಎರಡು ಜೋಡಿ ಇದ್ದವು ಎಂದಿದ್ದೆ. ಇಲ್ಲಿ ಕುಳಿತ ಕೆಲವರಿಗೂ ಹಾಗೆಯೇ ಹೇಳಿದ್ದೇನೆ. ತಪ್ಪು, ತಿದ್ದಿಕೊಳ್ಳಿ.

ಉಳದೆ ಉಳಿದದ್ದು ಎಂಟು ಗುಂಟೆ. ಆ ಮನೆಯ ಐವರಿಗೆ ಅದು ಎರಡು ತಿಂಗಳ ಕಾಳು. ಮುಂದಿನ ಸರದಿ ಬರುವಷ್ಟರಲ್ಲಿ ಜಡಿಮಳೆ ಹಿಡಿದರೆ ನೇಗಿಲು ಇಳಿಯುವಂತಿರಲಿಲ್ಲ. ಅಂದೇ ಶಾಲೆ ಬಿಟ್ಟೊಡನೆ ಗುದ್ದಲಿ ಹಿಡಿದೆ. ತೆಸ್ಫಾಯೆ ಕಸಿದುಕೊಳ್ಳಲು ಬಂದ, ಬಿಡಲಿಲ್ಲ. ಹಗಲು ಅವನೊಬ್ಬ, ಸಂಜೆ ಇಬ್ಬರೂ. ಸೀಮೆಸುಣ್ಣ ಹಿಡಿದ ಕೈಗೆ ಬೊಕ್ಕೆಗಳೆದ್ದವು. ನಾಲ್ಕನೆಯ ಸಂಜೆ ಕೊನೆಯ ಹೆಂಟೆ ಒಡೆದೆವು. ಮರುದಿನ ಮಳೆ ಹಿಡಿಯಿತು.

ಮರುವರ್ಷ ಮೊದಲೇ ಕೇಳಿದೆ: ಎರಡೂ ಎತ್ತುಗಳಿಗೆ ಬಿಡುವು ಯಾವಾಗ? ಅವನು ಅವರ ಸಂತರ ದಿನವೊಂದನ್ನು ಹೇಳಿದ. ಹುಣ್ಣಿಮೆ ಕಳೆದು ಹನ್ನೊಂದನೆಯ ದಿನ! ಅಂದು ಎರಡೂ ಮನೆಯವರು ಸೇರಿ ಕೊಂಬಿಗೆ ಬಣ್ಣ ಬಳಿದರು. ನನ್ನ ಅವ್ವ ತಾರವ್ವ ಫೋನಿನಲ್ಲಿ ಬೈದಳು.

“ಚಂದಪ್ಪ ಸವದು ಹ್ವಾದ ಮ್ಯಾಲ ಎಂಥಾ ಕಾರುಣ್ಣಿವಿಲೇ? ಸಾಲಿ ಕಲಿಸಾಂವಾ, ಪಂಚಾಂಗ ಮರತೀ?”

“ಮರತಿಲ್ಲಬೇ. ಎತ್ತಿಗೆ ಬಿಡುವಾಗಿದ್ದು ಇವತ್ತ.”

ಅವ್ವ ಬೈಯುವುದನ್ನು ಬಿಟ್ಟಳು. ಆಮೇಲೆ ಅಂದಳು: “ನಿಮ್ಮಪ್ಪನೂ ಒಂದ್ ವರ್ಷ ತಡಾ ಮಾಡಿ ಮಾಡಿದ್ರು. ಹುಣ್ಣಿವಿ ದಿನಾ ಮೆರಸಾಕ ಜೋಡಿ ಎತ್ತ ಸಿಕ್ಕಿರಲಿಲ್ಲ. ಯಾರ ಮುಂದೂ ಅನಬ್ಯಾಡ ಅಂದಿದ್ರು.”

ನೀಲಮಾ, ನಮ್ಮ ಹಬ್ಬವನ್ನು ಎಲ್ಲಿದ್ದರೂ ಬಿಡಬೇಡ. ಖಂಡಿತ ಬಿಡಬೇಡ. ಆದರೆ ಅದಕ್ಕಾಗಿ ಯಾರ ದಿನವನ್ನು ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲು ವಿಚಾರಿಸು. ಸಂಭಾವಿತರು ಬಾಯಿಬಿಟ್ಟು ಹೇಳುವುದಿಲ್ಲ. ಅಂಥವರನ್ನು ಎರಡು ಸಲ ವಿಚಾರಿಸು.

ಅಪ್ಪ ಯಾರ ಮುಂದೆಯೂ ಹೇಳಬೇಡವೆಂದದ್ದನ್ನು ಇಷ್ಟು ಜನರ ಮುಂದೆ ಹೇಳಿದ್ದೇನೆ. ಕಿವಿಗೊಟ್ಟು ಕೇಳಿದ ತಮಗೆಲ್ಲ ನಾನು ಕೃತಜ್ಞ. ನಮಸ್ಕಾರ.