ಕೂಸಿನ ಹೊಟ್ಟೆ, ಅಜ್ಜಿಯ ಮಡಿ

ದಯೆ ಎಂದರೆ ಏನು ಎಂದು ನಿನ್ನೆಯಿಂದ ಹೇಳುತ್ತಿದ್ದೇನೆ. ನೀವೂ ತಲೆ ಆಡಿಸುತ್ತಿದ್ದೀರಿ. ಚೆನ್ನಾಗಿ ಆಡಿಸುತ್ತೀರಿ, ಅದರಲ್ಲಿ ಎರಡು ಮಾತಿಲ್ಲ. ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಬಂದು ಮಂತ್ರಾಕ್ಷತೆ ಕೇಳಿದರು. ಯಾಕಮ್ಮಾ ಎಂದೆ. ಮಗುವಿಗೆ ವಾರವಾದರೂ ಹೊಟ್ಟೆ ಸಾಫಾಗುವುದಿಲ್ಲ, ಬಟ್ಟೆಯಲ್ಲೇ ಮಾಡಿಕೊಳ್ಳುತ್ತದೆ, ಹೊಡೆದರೂ ಬುದ್ಧಿ ಬರುವುದಿಲ್ಲ ಎಂದರು. ಹೊಡೆದರೂ! ಕೇಳಿದಿರಾ? ದಯೆಯ ಮೇಲೆ ಎರಡು ತಾಸು ಪ್ರವಚನ ಕೇಳಿ ಎದ್ದು ಬಂದವರು ಹೇಳಿದ ಮಾತು ಇದು. ಅಕ್ಷತೆ ಕೊಟ್ಟೆ. ಕೊಟ್ಟು ಒಳಗೆ ಹೋದೆ. ಊಟ ಸೇರಲಿಲ್ಲ.

ಆದ್ದರಿಂದ ಇವತ್ತು ಶ್ಲೋಕ ಪಕ್ಕಕ್ಕಿರಲಿ. ಮಲಬದ್ಧತೆಯ ಕಥೆ ಹೇಳುತ್ತೇನೆ. ನೋಡಿ, ನೋಡಿ, ಆಗಲೇ ಸೆರಗು ಮೂಗಿನ ಮೇಲೆ ಹೋಯಿತು! ಯಾಕೆ? ನೀವೆಲ್ಲ ಬೆಳಿಗ್ಗೆ ಆ ಕೆಲಸ ಮುಗಿಸಿಕೊಂಡು ಬಂದಿದ್ದಕ್ಕೇ ಇಲ್ಲಿ ಇಷ್ಟು ನೆಮ್ಮದಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದೀರಿ. ಅದನ್ನು ಮುಗಿಸಲಾಗದೆ ಒದ್ದಾಡಿದ ಒಂದು ಕೂಸಿನ ಕಥೆ ಕೇಳಿ.

ಊರಿನ ಹೆಸರು ಬೇಡ, ಮನೆತನದ ಹೆಸರೂ ಬೇಡ. ಹೇಳಿದರೆ ನಾಳೆಯೇ ಅವರ ಬಾಗಿಲಿಗೆ ಹೋಗಿ ಇಣುಕುತ್ತೀರಿ. ಅಲ್ಲೊಬ್ಬ ಶ್ರೀಮಂತನಿದ್ದ ಅಂದುಕೊಳ್ಳಿ. ಹೊಸ ಮನೆ ಕಟ್ಟಿಸಿದ್ದ. ಮೇಲೊಂದು, ಕೆಳಗೊಂದು ಸಂಡಾಸು, ಕನ್ನಡಿಯಂತೆ ಹೊಳೆಯುವ ಹಾಸುಗಲ್ಲು. ಮನೆಯಲ್ಲಿ ಹೆಂಡತಿ, ತಾಯಿ, ಐದು ವರ್ಷದ ಒಬ್ಬಳೇ ಮಗಳು. ತಾಯಿ ಎಂದರೆ ಕೂಸಿನ ಅಜ್ಜಿ. ಮನೆಯ ಆಡಳಿತವೆಲ್ಲ ಅವರದೇ.

ಈ ಅಜ್ಜಿ ಕೆಟ್ಟವರಲ್ಲ. ಮೊಮ್ಮಗಳು ಎಂದರೆ ಪ್ರಾಣ. ಆದರೆ ಮಡಿ ಎಂದರೆ ಪ್ರಾಣಕ್ಕಿಂತ ಒಂದು ತೂಕ ಹೆಚ್ಚು. ಆ ಮನೆಯಲ್ಲಿ ಮೊದಲು ಸ್ನಾನ, ಆಮೇಲೆ ಪೂಜೆ, ನೈವೇದ್ಯ, ಆಮೇಲೆಯೇ ತಿಂಡಿ. ಒಮ್ಮೆ ಸ್ನಾನವಾದ ಮೇಲೆ ಯಾರಾದರೂ ಸಂಡಾಸಿಗೆ ಹೋದರೆ ಮುಗಿಯಿತು. ಉಟ್ಟ ಬಟ್ಟೆ ನೆನೆಹಾಕಿ, ಮತ್ತೆ ತಲೆಯ ಮೇಲಿಂದ ತಣ್ಣೀರು ಸುರಿದುಕೊಂಡು, ಏನನ್ನೂ ಮುಟ್ಟದೆ ಒಳಗೆ ಬರಬೇಕು. ದೊಡ್ಡವರು ಹೇಗೋ ವೇಳೆ ನೋಡಿಕೊಂಡು ಸಂಭಾಳಿಸುತ್ತಿದ್ದರು. ಕೂಸು? ಅದಕ್ಕೆ ತಿಂಡಿ ತಿಂದ ಮೇಲೆಯೇ ಹೊಟ್ಟೆ ಕದಲುವುದು. ಎಲ್ಲ ಮಕ್ಕಳಿಗೂ ಹಾಗೆಯೇ. ಹೊಟ್ಟೆ ಏನು ಪಂಚಾಂಗ ನೋಡುತ್ತದೆಯೇ?

ಒಂದು ಸಲ ಕೂಸಿಗೆ ಮಲ ಗಟ್ಟಿಯಾಯಿತು. ಬಹಳ ನೋವಾಯಿತು, ಸ್ವಲ್ಪ ರಕ್ತವೂ ಬಂತು, ಅತ್ತಿತು. ಮರುದಿನ ತಿಂಡಿ ತಿಂದು ಅಂಜುತ್ತಂಜುತ್ತಲೇ ಅಜ್ಜಿಯ ಹತ್ತಿರ ಬಂದು, "ಅಜ್ಜೀ, ಸಂಡಾಸ ಬಂದದ" ಎಂದಿತು.

"ಅಯ್ಯ ನನ ಕೂಸ! ಈಗರೇ ನೀರ ಹಾಕೇನಿ, ಹೊಸಾ ಲಂಗಾ ಹಾಕೇನಿ, ಮತ್ತ ಹೋಗ್ತೀಯೇನ? ತಡಕೋ. ಸಾಲೀಂದ ಬಂದ ಮ್ಯಾಲ ಹೋಗೀಯಂತ."

ತಡಕೋ. ಎಷ್ಟು ಸಣ್ಣ ಮಾತು! ಕೂಸು ತಡೆದುಕೊಂಡಿತು. ಸ್ವಲ್ಪ ಹೊತ್ತಿಗೆ ಬಂದದ್ದು ತಾನಾಗಿಯೇ ಹಿಂದೆ ಹೋಯಿತು. ನೋವಿಲ್ಲ, ತಣ್ಣೀರಿಲ್ಲ, ಬೈಗುಳವಿಲ್ಲ. ಹಾಗಾದರೆ ದಿನವೂ ತಡೆದುಕೊಂಡರಾಯಿತು ಎಂದು ಕೂಸು ತಿಳಿದುಕೊಂಡಿತು. ನಾವು ಕಲಿಸಿದ ಎಲ್ಲವನ್ನೂ ಮಕ್ಕಳು ಮರೆಯುತ್ತವೆ, ಇಂಥದ್ದನ್ನು ಮಾತ್ರ ಮರೆಯುವುದಿಲ್ಲ.

ತಡೆದದ್ದು ಎಲ್ಲಿಗೆ ಹೋಗುತ್ತದೆ? ಹೇಳಿ. ಕೈಲಾಸಕ್ಕೆ ಹೋಗುತ್ತದೆಯೇ? ಒಳಗೇ ಕೂತು ಒಣಗಿ ಕಲ್ಲಾಗುತ್ತದೆ. ಅದು ಹೊರಗೆ ಬರುವಾಗ ಇನ್ನೂ ನೋವು, ಆ ನೋವಿಗೆ ಹೆದರಿ ಇನ್ನೂ ತಡೆಯುವುದು. ಕೂಸು ಮೂಲೆಯಲ್ಲಿ ಕಾಲು ಹೆಣೆದುಕೊಂಡು, ತುದಿಗಾಲ ಮೇಲೆ ನಿಂತು, ಮುಖ ಕೆಂಪು ಮಾಡಿಕೊಳ್ಳುತ್ತಿತ್ತು. ಮನೆಯವರು ನೋಡಿ ನಗುತ್ತಿದ್ದರು. "ನೋಡ್ರಿ, ಕೂಸು ಡ್ಯಾನ್ಸ್ ಮಾಡ್ಲಿಕತ್ತದ" ಎಂದು ಅಪ್ಪ ಫೋನಿನಲ್ಲಿ ವಿಡಿಯೋ ಬೇರೆ ಮಾಡಿಕೊಂಡ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ!

ಆಮೇಲೆ ಚಡ್ಡಿಯಲ್ಲಿ ಕೊಳೆಯಾಗತೊಡಗಿತು. ತೆಳ್ಳಗೆ, ನೀರು ನೀರಾಗಿ. ಮನೆಯವರು ಏನೆಂದರು? ಭೇದಿ ಎಂದರು! ಕೂಸಿನ ಊಟ ಬಿಡಿಸಿದರು. ಹಣ್ಣು ಬಂದ್, ಪಲ್ಯ ಬಂದ್. ಗಂಜಿ, ಮೇಲೆ ದಾಳಿಂಬೆ ಸಿಪ್ಪೆಯ ಕಷಾಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ. ಮೊದಲೇ ಕಟ್ಟಿಕೊಂಡ ಹೊಟ್ಟೆ ಇನ್ನಷ್ಟು ಕಟ್ಟಿತು. ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಮಕ್ಕಳು ಮೂಗು ಹಿಡಿದು ದೂರ ಸರಿದರು. ಮನೆಯಲ್ಲಿ ಅಮ್ಮ ಬೆನ್ನಿಗೆ ಬಾರಿಸಿದಳು. "ಐದ ವರ್ಷದ ಕತ್ತೆ, ನಾಚಿಕಿ ಬರಂಗಿಲ್ಲೇನ?" ಶ್ರೀಮಂತ ದೃಷ್ಟಿ ತೆಗೆಸಿದ, ಹೋಮ ಮಾಡಿಸಿದ. ಹೋಮದ ದಿನವೂ ಕೂಸಿಗೆ ಎರಡು ಸಲ ತಣ್ಣೀರ ಸ್ನಾನ. ದೇವರೇ!

ಕೊನೆಗೆ ಕೂಸು ಉಣ್ಣುವುದನ್ನೇ ಬಿಟ್ಟಿತು. ತುತ್ತು ಬಾಯಿಯ ಹತ್ತಿರ ತಂದರೆ ಮುಖ ತಿರುಗಿಸುತ್ತಿತ್ತು. ಮೈ ಇಳಿಯಿತು, ಹೊಟ್ಟೆ ಮಾತ್ರ ಗಟ್ಟಿಯಾಗಿ ಮುಂದೆ ಬಂತು. ಅಮ್ಮ ಗಾಬರಿಯಾಗಿ, "ಯಾಕ ಬಂಗಾರ, ಯಾಕ ಉಣವಲ್ಲಿ?" ಎಂದು ಕೇಳಿದಳು. ಕೂಸು ಹೇಳಿತು:

"ಉಂಡ್ರ ಸಂಡಾಸ ಬರ್ತದ."

ತಿಳಿಯಿತೇ? ಅಡುಗೆಮನೆಯ ತುಂಬ ಅನ್ನವಿರುವ ಮನೆಯಲ್ಲಿ ಒಂದು ಕೂಸು, ಹೊಟ್ಟೆ ಹಸಿದರೂ, ಉಣ್ಣಲು ಹೆದರುತ್ತಿತ್ತು.

ಆಗ ಹೆದರಿ ಮಕ್ಕಳ ಡಾಕ್ಟರ ಹತ್ತಿರ ಓಡಿದರು. ಆಕೆ ಹೊಟ್ಟೆ ಒತ್ತಿ ನೋಡಿದರು. "ಭೇದಿ ಅಲ್ರೀ ಇದು. ಒಳಗ ಗಟ್ಟಿ ಕಟ್ಟಿಕೊಂಡದ, ಅದರ ಬಾಜೂದಿಂದ ನೀರ ಸೋರ್ತದ. ಸೋರೂದು ಕೂಸಿಗೆ ಗೊತ್ತಽ ಆಗಂಗಿಲ್ಲ. ಹೊಡದೀರೇನು? ಹೊಡದ್ರ ಅದೇನ ಮಾಡೀತು, ಪಾಪ!" ಮಲ ಮೆತ್ತಗಾಗುವ ಪುಡಿ ಬರೆದುಕೊಟ್ಟರು. ತಿಂಗಳುಗಟ್ಟಲೆ ಕೊಡಬೇಕು, ನೆಟ್ಟಗಾಯಿತೆಂದು ನೀವೇ ನಿಲ್ಲಿಸಬೇಡಿ ಎಂದರು. ಉಂಡ ಮೇಲೆ ದಿನವೂ ಸಂಡಾಸಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಕಾಲು ಜೋಲಾಡದಂತೆ ಕೆಳಗೆ ಆಸರೆ ಇಡಿ, ಬಂದರೂ ಬಾರದಿದ್ದರೂ ಬೈಯಬೇಡಿ ಎಂದರು.

ಸರಿ, ಪುಡಿ ತಂದರು. ಕೊಟ್ಟರು. ಆದರೆ ಕೂರಿಸುವುದು ಯಾವಾಗ? ಉಂಡ ಮೇಲೆ! ಅಂದರೆ ಸ್ನಾನವಾದ ಮೇಲೆ, ಪೂಜೆಯಾದ ಮೇಲೆ! ಅಜ್ಜಿಯ ಮುಖ ಗಂಟಾಯಿತು. "ಡಾಕ್ಟರಗೇನ ಗೊತ್ತು ನಮ್ಮ ಮನೀ ಪದ್ಧತಿ? ಪುಡಿ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಮುಂಜಾನೆ ಎದ್ದ ಕೂಡಲೇ ಕೂಡಸ್ರಿ, ಆಮ್ಯಾಲ ಬ್ಯಾಡ." ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ! ನಿದ್ದೆಗಣ್ಣಿನ ಕೂಸನ್ನು ನಸುಕಿನಲ್ಲಿ ಕೂರಿಸಿ "ಹಾಂ, ಲಗೂನ, ಲಗೂನ" ಎಂದರೆ ಏನು ಬರುತ್ತದೆ? ಅಳು ಬರುತ್ತದೆ. ತಿಂಡಿಯ ಮೇಲೆ ಬಂದಾಗ ಕೂಸು ಅಜ್ಜಿಯ ಮುಖ ನೋಡುತ್ತಿತ್ತು, ಮತ್ತೆ ತಡೆಯುತ್ತಿತ್ತು. ಪುಡಿಯಿಂದ ಉಪಯೋಗವಿಲ್ಲ ಎಂದು ಮನೆಯವರು ಅದನ್ನೂ ನಿಲ್ಲಿಸಿಬಿಟ್ಟರು. ಏನು ಹೇಳಲಿ ಇವರಿಗೆ? ನಿಮಗಾದರೂ ಏನು ಹೇಳಲಿ? ನಿಮ್ಮ ಮನೆಯ ಕಪಾಟಿನಲ್ಲಿ ಅರ್ಧ ಕುಡಿದು ಬಿಟ್ಟ ಔಷಧದ ಬಾಟಲಿ ಇಲ್ಲವೇ?

ಹೀಗಿರುವಾಗ ಅಜ್ಜನ ಶ್ರಾದ್ಧದ ದಿನ ಬಂತು. ಶ್ರಾದ್ಧದ ದಿನದ ಮಡಿ ಎಂದರೆ ನಿಮಗೆ ಗೊತ್ತು, ಗಾಳಿಯೂ ಕೇಳಿಕೊಂಡು ಬೀಸಬೇಕು. ಚಿಕ್ಕದೆಂದು ಕೂಸಿಗೆ ಮಾತ್ರ ಮುಂಚೆಯೇ ಹಿತ್ತಿಲ ಕಟ್ಟೆಯ ಮೇಲೆ ಅವಲಕ್ಕಿ ಕೊಟ್ಟಿದ್ದರು. ಒಳಗೆ ಬ್ರಾಹ್ಮಣರಿಗೆ ಎಲೆ ಹಾಕಿಯಾಗಿತ್ತು. ಅಜ್ಜಿ ಒದ್ದೆ ಮಡಿಸೀರೆಯಲ್ಲಿ ಪಾಯಸದ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಟವರು ಹಿತ್ತಿಲ ಬಾಗಿಲ ಕಡೆ ನೋಡಿದರು. ಅಲ್ಲಿ ಕೂಸು ನಿಂತಿತ್ತು. ಚೌಕಟ್ಟು ಹಿಡಿದು, ಕಾಲು ಹೆಣೆದು, ಹಣೆಯ ತುಂಬ ಬೆವರು.

"ಅಲ್ಲೇ ನಿಂದ್ರು! ಒಳಗ ಬರಬ್ಯಾಡ!" ಎಂದರು ಅಜ್ಜಿ.

ಕೂಸು ಹಲ್ಲು ಕಚ್ಚಿಕೊಂಡು ಹೇಳಿತು: "ಬರಂಗಿಲ್ಲ ಅಜ್ಜೀ. ನಾ ತಡಕೊಂಡೇನಿ. ನಿನ್ನ ಮಡೀ ಕೆಡಂಗಿಲ್ಲ. ಅಜ್ಜಾರು ಉಂಡ ಮ್ಯಾಲ ಹೋಗ್ತೀನಿ."

ಐದು ವರ್ಷದ ಕೂಸು. ಅಜ್ಜಿಯ ಮಡಿಯನ್ನು ಕಾಯುತ್ತ ನಿಂತಿತ್ತು. ಅದರ ಹೊಟ್ಟೆಯನ್ನು ಕಾಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಜ್ಜಿ ಪಾಯಸದ ಪಾತ್ರೆಯನ್ನು ಅಲ್ಲೇ ನೆಲದ ಮೇಲೆ ಇಟ್ಟರು. ಸೊಸೆ ಓಡಿ ಬಂದಳು. "ಅತ್ತ್ಯಾರ, ನೀವು ಬ್ಯಾಡ್ರಿ, ನಾ ಕರಕೊಂಡ ಹೋಗ್ತೀನಿ."

"ಆಚೀಗೆ ಸರಿ. ತಡಕೋ ಅಂದಾಕಿ ನಾನು. ನಾನಽ ಹೋಗ್ತೀನಿ."

ಕೂಸನ್ನು ಎತ್ತಿಕೊಂಡೇ ಬಿಟ್ಟರು. ಗೋಡೆಗೆ ಒರಗಿಸಿದ್ದ ಊಟದ ಮಣೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಡೆದರು. ನಡುಮನೆಯಿಂದ ಮಗ ಕೂಗಿದ: "ಅವ್ವಾ! ಮಡಿ, ಮಡಿ!"

"ಮಡಿ ಮತ್ತ ಉಟ್ಕೊಳ್ಳಿಕ್ಕೆ ಬರ್ತದೋ! ಈ ಕೂಸಿನ್ನ ಮತ್ತ ಎಲ್ಲಿಂದ ತರ್ಲಿ?"

ಸಂಡಾಸಿನಲ್ಲಿ ಕೂಸನ್ನು ಕೂರಿಸಿ, ಕಾಲ ಕೆಳಗೆ ಮಣೆ ಇಟ್ಟು, ಅಜ್ಜಿ ಅದರ ಎದುರಿಗೆ ನೆಲದ ಮೇಲೆಯೇ ಕೂತರು. ಕೂಸು ಅವರ ಬೆರಳು ಗಟ್ಟಿಯಾಗಿ ಹಿಡಿದುಕೊಂಡು, "ನೀ ಬೈಯಂಗಿಲ್ಲಲಾ?" ಎಂದು ಕೇಳಿತು. ಅಜ್ಜಿಗೆ ಅಳು ಬಂತು. ಇಲ್ಲವೆಂದು ತಲೆ ಅಲ್ಲಾಡಿಸಿದರು.

ಹೊರಗೆ ಶ್ರೀಮಂತ ಪುರೋಹಿತರ ಮುಂದೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. ಅವರೆಂದರು, "ಯಾಕ ಗಡಬಡಿ ಮಾಡ್ತೀರಿ? ಕೂಸು ಬರ್ಲಿ. ಆಮ್ಯಾಲ ಬಡಸ್ರಿ." ಪಿತೃಗಳು ಆ ದಿನ ಸ್ವಲ್ಪ ತಡವಾಗಿ ಉಂಡರು. ಉಣ್ಣಲಿ! ಅವರಿಗೇನು ಸ್ಕೂಲ್ ವ್ಯಾನ್ ತಪ್ಪುತ್ತಿತ್ತೇ?

ಅಂದೇ ಕೂಸಿಗೆ ಪೂರ್ತಿ ಗುಣವಾಯಿತು ಎಂದು ಹೇಳಲಿ ಎಂದು ಕಾಯುತ್ತಿದ್ದೀರಿ. ನಿಮಗೆ ಪವಾಡ ಬೇಕು. ಆಗಲಿಲ್ಲ! ಮತ್ತೆ ಡಾಕ್ಟರ ಹತ್ತಿರ ಹೋದರು, ಬೈಸಿಕೊಂಡರು, ಪುಡಿ ಮತ್ತೆ ಶುರುವಾಯಿತು. ನಡುವೆ ಕೆಟ್ಟಿತು, ಮತ್ತೆ ನೆಟ್ಟಗಾಯಿತು. ಚಡ್ಡಿ ಎಷ್ಟೋ ಸಲ ಕೊಳೆಯಾಯಿತು. ಅಜ್ಜಿ ಬಾಯಿ ಬಿಡದೆ ತೊಳೆದು ಹಾಕಿದರು. ಮುಂದಿನ ಶ್ರಾದ್ಧ ಬರುವ ಹೊತ್ತಿಗೆ ಕೂಸು ತಾನೇ ಹೋಗಿ ಬಂದು, ಕೈಕಾಲು ತೊಳೆದುಕೊಂಡು, ಪಾಯಸ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿತ್ತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಆ ಮನೆ ಹಾಗೆ, ನಮ್ಮ ಮನೆಯಲ್ಲಿ ಅಷ್ಟು ಮಡಿ ಇಲ್ಲಪ್ಪ ಎಂದು ಹಿಂದೆ ಕೂತ ಗಂಡಸರು ನಗುತ್ತಿದ್ದೀರಿ. ನಿಮ್ಮ ಮನೆಯ ಮಡಿ ಬೇರೆ. ವ್ಯಾನಿನ ಹಾರನ್ ನಿಮ್ಮ ಮಡಿ. ಆಫೀಸಿನ ಬಸ್ಸು ನಿಮ್ಮ ಮಡಿ. ಮಗು ತಿಂಡಿ ತಿಂದು "ಬಂತು" ಎಂದರೆ "ಈಗ ಬೇಡ, ಹೊತ್ತಾಯಿತು" ಎನ್ನುವುದಿಲ್ಲವೇ? ನಿಜ ಹೇಳಿ. ಇಲ್ಲಿ ದೇವರು ಕೂತಿದ್ದಾನೆ.

ಬಾಲರಿಗೆ, ವೃದ್ಧರಿಗೆ, ಕಾಯಿಲೆಯವರಿಗೆ ನಿಯಮ ಸಡಿಲವೆಂದು ಹಿರಿಯರೇ ಹೇಳಿದ್ದಾರೆ. ನೀವು ಅವರಿಗಿಂತ ದೊಡ್ಡವರೇ? ನಾಳೆಯಿಂದ ಮಗುವನ್ನು ಸ್ವಲ್ಪ ಬೇಗ ಎಬ್ಬಿಸಿ ಬೇಗ ತಿಂಡಿ ಕೊಡಿ. ತಿಂದ ಮೇಲೆ ಕೂರಿಸಿ, ಕಾಲ ಕೆಳಗೆ ಮಣೆ ಇಡಿ, ಹತ್ತಿರ ಕೂತು ಒಂದು ಕಥೆ ಹೇಳಿ. ಫೋನು ಕೊಡಬೇಡಿ. ನೀರು ಕುಡಿಸಿ. ಬರೀ ಬಿಸ್ಕತ್ತು, ಹಾಲು ಎಂದು ಸುರಿಯಬೇಡಿ, ಸೊಪ್ಪು, ಹಣ್ಣು, ರೊಟ್ಟಿ ತಿನ್ನಿಸಿ. ನೀವೇ ವೈದ್ಯರಾಗಿ ಹರಳೆಣ್ಣೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಅವರು ಕೊಟ್ಟ ಔಷಧವನ್ನು ಅವರು ಹೇಳುವ ತನಕ ಕೊಡಿ. ಶಾಲೆಯಲ್ಲಿ ಸಂಡಾಸು ಸ್ವಚ್ಛವಾಗಿದೆಯೇ, ಕೇಳಿದರೆ ಬಿಡುತ್ತಾರೆಯೇ ಎಂದು ಹೋಗಿ ವಿಚಾರಿಸಿ. ಮಾರ್ಕ್ಸು ಕೇಳಲು ಹೋಗುತ್ತೀರಲ್ಲ, ಇದನ್ನೂ ಕೇಳಿ. ಚಡ್ಡಿ ಕೊಳೆಯಾದರೆ ತೊಳೆಯಿರಿ. ಮಗುವಿನ ಮೈಮೇಲೆ ಕೈ ಎತ್ತಿದಿರೋ, ನನ್ನ ಹತ್ತಿರ ಅಕ್ಷತೆ ಕೇಳಲು ಬರಬೇಡಿ. ಕೊಡುವುದಿಲ್ಲ.

ಮಾತು ಮುಗಿಯಿತು, ಮಂಗಳಾರತಿ... ತಡೆಯಿರಿ, ತಡೆಯಿರಿ. ಗಂಟೆ ಹೊಡೆಯಬೇಡಿ. ಆ ಕಂಬದ ಹತ್ತಿರ ಹಸಿರು ಸೀರೆಯ ತಾಯೀ, ನಿಮಗೇ ಹೇಳುತ್ತಿರುವುದು. ಮಗು ಆಗಲಿಂದ ನಿಮ್ಮ ಸೆರಗು ಜಗ್ಗುತ್ತಿದೆ. ನೀವು ಆರತಿ ಮುಗಿಯಲಿ ಎಂದು ಅದರ ತೊಡೆ ಚಿವುಟುತ್ತಿದ್ದೀರಿ. ನಾನು ನೋಡಿದೆ. ಇಷ್ಟು ಹೊತ್ತು ಕೇಳಿದ್ದೇನು ನೀವು? ಏಳಿ! ದಾರಿ ಬಿಡಿ ಅವರಿಗೆ. ಎಡಗಡೆ ಬಾಗಿಲು, ಬಾವಿಯ ಪಕ್ಕ. ಅವಸರ ಮಾಡಬೇಡಿ, ಮತ್ತೆ ಸ್ನಾನವೂ ಬೇಡ, ಕೈಕಾಲು ತೊಳೆಸಿ ಕರೆತನ್ನಿ. ಆ ಮಗು ಬಂದು ಕೂರುವ ತನಕ ಇಲ್ಲಿ ಯಾರೂ ಆರತಿ ಹಚ್ಚುವುದಿಲ್ಲ. ನಾವು ಕಾಯುತ್ತೇವೆ. ದೇವರೂ ಕಾಯುತ್ತಾನೆ.